ತೌಡಿಗೆ ಮಾರದ ಮಗಳು

ಆ ಕಾಲದಲ್ಲಿ ನಾಗಸಂದ್ರದ ಬೀದಿಯಲ್ಲಿ ನಿಂತು 'ತಿಪ್ಪಯ್ಯ' ಅಂತ ಕೂಗಿದರೆ ಮನೆಗೊಬ್ಬರಂತೆ 'ಓ' ಅನ್ನುತ್ತಿದ್ದರು. ತಿಪ್ಪಯ್ಯ, ಕಲ್ಲಯ್ಯ, ಗುಂಡಮ್ಮ, ಅಡವಮ್ಮ. ಹೆತ್ತವರಿಗೆ ಮಕ್ಕಳ ಮೇಲೆ ಪ್ರೀತಿ ಇರಲಿಲ್ಲ ಅಂತ ತಿಳಿಯಬೇಡಿ. ಪ್ರೀತಿ ಹೆಚ್ಚಾಗಿಯೇ ಅಂಥ ಹೆಸರಿಟ್ಟಿದ್ದು. ಒಂದು ಮನೆಯಲ್ಲಿ ಹುಟ್ಟಿದ ಮಕ್ಕಳು ಉಳಿಯದೆ ಹೋದರೆ, ಮುಂದೆ ಹುಟ್ಟಿದ ಮಗುವನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಮಲಗಿಸಿ, ಮೇಲೊಂದು ಹಿಡಿ ಕಸ ಚೆಲ್ಲುತ್ತಿದ್ದರು. ನೆರೆಮನೆಯವಳು ಏನೂ ಅರಿಯದವಳ ಹಾಗೆ ಆ ದಾರಿಯಲ್ಲಿ ಬಂದು, "ಇದ್ಯಾರ ಕಸ ಇಲ್ಲಿ ಬಿದ್ದಿರೋದು?" ಅನ್ನಬೇಕು. ಹೆತ್ತವಳು, "ನಂದಲ್ಲ, ಬೇಕಾದ್ರೆ ತಗೊಂಡೋಗು" ಅನ್ನಬೇಕು. ಬಂದವಳು ಒಂದು ಸೇರು ತೌಡು ಅಳೆದುಕೊಟ್ಟು ಮಗುವನ್ನು ಎತ್ತಿಕೊಳ್ಳಬೇಕು. ಅಲ್ಲಿಗೆ ವ್ಯಾಪಾರ ಮುಗಿಯಿತು. ಆಮೇಲೆ ಮಗುವಿನ ಮೂಗು ಚುಚ್ಚಿ, ತಿಪ್ಪಯ್ಯ ಅಂತಲೋ ತಿಪ್ಪಮ್ಮ ಅಂತಲೋ ಕರೆದು, ಯಾರದೋ ಮಗುವನ್ನು ಸಾಕುವವಳ ಹಾಗೆ ಹೆತ್ತವಳೇ ಸಾಕುವುದು. ಮೇಲಿರುವವನು ಬಗ್ಗಿ ನೋಡಿದಾಗ, ಇದು ಯಾರಿಗೂ ಬೇಡವಾದ ಕಸ ಅಂದುಕೊಂಡು ಬಿಟ್ಟು ಹೋಗಲಿ ಅಂತ.

ಎಲ್ಲರೂ ಮಾಡುತ್ತಿದ್ದರು. ಅದರ ಬಗ್ಗೆ ಎರಡನೇ ಮಾತು ಆಡಿದವಳು ಸೊಣ್ಣಮ್ಮ ಒಬ್ಬಳೇ.

ಸೊಣ್ಣಮ್ಮ ಈ ಊರಿನವಳಲ್ಲ. ಸೋಲದೇವನಹಳ್ಳಿಯಿಂದ ಬಂದ ಸೊಸೆ. ಅವಳಪ್ಪ ಮುನಿಯಲ್ಲಪ್ಪ ಆ ಊರಿನ ಮುನೇಶ್ವರನ ಪೂಜಾರಿ. ಪೂಜಾರಿ ಅಂದರೆ ಗೋಪುರ, ಗರ್ಭಗುಡಿ ಅಂತೆಲ್ಲ ನೆನೆಸಿಕೊಳ್ಳಬೇಡಿ. ಮರದ ಬುಡದಲ್ಲಿ ಅರಿಶಿನ ಬಳಿದ ಕಲ್ಲು, ಅದರ ಮುಂದೊಂದು ಹಣತೆ, ಅಷ್ಟೇ. ಸೊಣ್ಣಮ್ಮ ಇನ್ನೂ ಲಂಗ ಹಾಕುವ ವಯಸ್ಸಿನಲ್ಲಿ ಅವಳ ತಾಯಿ ತೀರಿಕೊಂಡಳು. ಮಣ್ಣು ಮಾಡಿ ಬಂದ ಸಂಜೆಯೇ ಮುನಿಯಲ್ಲಪ್ಪ ಎಣ್ಣೆ ಬಟ್ಟಲು ಹಿಡಿದು ಕಲ್ಲಿನ ಹತ್ತಿರ ಹೊರಟ. ಸೂತಕದಲ್ಲಿ ದೀಪ ಮುಟ್ಟಬಾರದು ಅಂತ ಊರವರು ಅಡ್ಡ ನಿಂತರು. "ಸೂತಕ ನಂಗೆ, ಅವನಿಗಲ್ಲ. ಇವತ್ತು ಅವನ ಮುಂದೆ ಅಳದೆ ಇನ್ಯಾರ ಮುಂದೆ ಅಳ್ಲಿ?" ಅಂದು, ಅವರನ್ನು ಪಕ್ಕಕ್ಕೆ ಸರಿಸಿ ಹೋಗಿ ದೀಪ ಹಚ್ಚಿದ. ಹುಡುಗಿ ಅವನ ಪಂಚೆ ಹಿಡಿದುಕೊಂಡು ಜೊತೆಗೇ ಹೋಗಿದ್ದಳು. ಅಪ್ಪ ಕಲ್ಲಿಗೆ ತಲೆ ಆನಿಸಿ ಬಿಕ್ಕಿ ಬಿಕ್ಕಿ ಅತ್ತಿದ್ದನ್ನು ಅವಳು ಕಣ್ಣಾರೆ ಕಂಡಳು. ದೇವರು ಅಂದರೆ ಏನು ಅಂತ ಅವಳು ಕಲಿತದ್ದು ಆ ಸಂಜೆ.

ನಾಗಸಂದ್ರಕ್ಕೆ ಬಂದ ಮೇಲೂ ಕೆರೆ ಏರಿಯ ಹೊಂಗೆಮರದ ಕೆಳಗಿನ ಮುನೇಶ್ವರ ಅವಳಿಗೆ ತವರಿನ ಕಡೆಯವನ ಹಾಗೆಯೇ ಇದ್ದ. ಅವನನ್ನು ಮುನಿಯಪ್ಪ ಅಂತಲೇ ಕರೆಯುತ್ತಿದ್ದಳು. ಬೆಳಗ್ಗೆ ಸೊಪ್ಪಿನ ಕುಕ್ಕೆ ಹೊತ್ತು ತುಮಕೂರು ರಸ್ತೆ ಹಿಡಿದು ಯಶವಂತಪುರದ ಸ್ಟೇಷನ್ ಮುಂದೆ ಕೂತು ಮಾರಿ ಬರುವುದು, ಸಂಜೆ ದೀಪ ಹಚ್ಚಿ, ಅವತ್ತಿನ ಜಗಳ ತಕರಾರೆಲ್ಲ ಅವನಿಗೆ ಒಪ್ಪಿಸುವುದು. ಬಾಯಿ ಜೋರು. ದಂಟಿನ ಸೊಪ್ಪಿನ ಕಟ್ಟನ್ನು ಹಿಚುಕಿ ನೋಡಿ ವಾಪಸ್ ಇಡುವ ಗಿರಾಕಿಗಳಿಗೆ, "ಎಣ್ಣು ನೋಡೋಕೆ ಬಂದಿದ್ದೀರೇನ್ರೀ?" ಅಂತ ಕೇಳಿಬಿಡುತ್ತಿದ್ದಳು. ಆದರೂ ಗಿರಾಕಿಗಳು ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು.

ಗಂಡನ ಹೆಸರು ತಿಪ್ಪಯ್ಯ. ಹೌದು, ತಿಪ್ಪೆಯವನೇ. ಅವನಿಗಿಂತ ಮುಂಚೆ ಹುಟ್ಟಿದವರನ್ನೆಲ್ಲ ಮಣ್ಣಿಗಿಟ್ಟ ತಾಯಿ ದೊಡ್ಡಮುನಿಯಮ್ಮ, ಇವನನ್ನು ಕಸ ಅಂತ ಮಾರಿ ಉಳಿಸಿಕೊಂಡಿದ್ದಳು. ಮೂಗಿನಲ್ಲಿ ಚುಚ್ಚಿದ ತೂತಿನ ಗುರುತು ಹಾಗೇ ಇತ್ತು. ಮೆತ್ತಗಿನ ಮನುಷ್ಯ, ಎತ್ತಿಗೂ ಗದರಿದವನಲ್ಲ. ತಾಯಿ ಅವನನ್ನು ಯಾವತ್ತೂ ಎದೆಗವಚಿಕೊಂಡವಳಲ್ಲ, ಮಗ ಅಂತ ಬಾಯಿತುಂಬ ಕರೆದವಳಲ್ಲ. ಕರೆದರೆ ಎಲ್ಲಿ ಮೇಲಿನವನಿಗೆ ಕೇಳಿಸೀತೋ ಅನ್ನುವ ಭಯ. ಮಗನಿಗೆ ಮದುವೆಯಾದರೂ ಆ ಭಯ ಬಿಟ್ಟಿರಲಿಲ್ಲ.

ಸೊಣ್ಣಮ್ಮನ ಹಣೆಬರಹವೂ ಅತ್ತೆಯದರ ಹಾಗೆಯೇ ಶುರುವಾಯಿತು. ಮೊದಲನೆಯದು ಕಣ್ಣೇ ಬಿಡಲಿಲ್ಲ. ಎರಡನೆಯದು ನಾಯಿಕೆಮ್ಮು ಬಂದು ಹೋಯಿತು. ಮೂರನೆಯದು ಅಂಬೆಗಾಲಿಡುವ ಹೊತ್ತಿಗೆ ವಾಂತಿಭೇದಿಯಾಗಿ ಒಂದೇ ಹಗಲಲ್ಲಿ ಹೋಯಿತು. ಪ್ರತಿ ಸಲವೂ ಅವಳು ಅಪ್ಪನ ಹಾಗೆ ಅದೇ ಸಂಜೆ ಏರಿಗೆ ಹೋಗಿ ದೀಪ ಹಚ್ಚಿ ಅತ್ತಳು. ನಾಲ್ಕನೆಯದು ಹೊಟ್ಟೆಯಲ್ಲಿದ್ದಾಗಲೇ ದೊಡ್ಡಮುನಿಯಮ್ಮ ಹೊಸ ಮೊರ ತಂದು ಅಟ್ಟದ ಮೇಲಿಟ್ಟಳು. ತೌಡು ಕೊಟ್ಟು ಎತ್ತಿಕೊಳ್ಳುವುದಕ್ಕೆ ನೆರೆಮನೆಯ ನಜ್ಮುನ್ನೀಸಾಳನ್ನು ಗೊತ್ತುಮಾಡಿದಳು. ನಜ್ಮುನ್ನೀಸಾ ಜಟಕಾ ಓಡಿಸುವ ಅಕ್ಬರ್ ಪಾಷಾನ ಹೆಂಡತಿ, ಸೊಣ್ಣಮ್ಮನ ಜೀವದ ಗೆಳತಿ.

ಹೆಣ್ಣುಮಗು ಹುಟ್ಟಿತು. ಮೊರ ಕೆಳಗಿಳಿಯಿತು. ಅಜ್ಜಿ ಮಗುವನ್ನು ತಿಪ್ಪೆಯ ಮೇಲೆ ಮಲಗಿಸಿ, ಕಸ ಕೈಗೆತ್ತಿಕೊಂಡಾಗ ಹಸಿಬಾಣಂತಿ ಸೊಣ್ಣಮ್ಮ ತಲೆಗೆ ಸುತ್ತಿದ ಬಟ್ಟೆಯಲ್ಲೇ ಹೊರಗೆ ಬಂದಳು. ಬಂದವಳೇ ಮಗುವನ್ನು ಮೊರದಿಂದ ಎತ್ತಿಕೊಂಡಳು.

"ಅತ್ತೆಮ್ಮ, ನಾವು ಇದನ್ನ ಯಾರಿಂದ ಬಚ್ಚಿಡ್ತಾ ಇರೋದು?"

"ಯಾರಿಂದ ಅಂದ್ರೆ? ಕೊಟ್ಟು ಕಿತ್ಕೊಳ್ಳೋನಿಂದ."

"ಮುನಿಯಪ್ಪನಿಂದಾನಾ? ಬೆಳಗ್ಗೆ ಎದ್ದು ಅಪ್ಪಾ ಅಂತ ಕೈ ಮುಗಿಯೋದು, ಮಗು ಉಟ್ಟಿದ್ರೆ ಕಳ್ಳ ಬಂದ ಅಂತ ಕಸದಲ್ಲಿ ಮುಚ್ಚೋದು. ಇದ್ಯಾವ ಸೀಮೆ ಭಕ್ತಿ? ಅವನು ನಮ್ಮಪ್ಪ, ಮಕ್ಕಳ ಕಳ್ಳ ಅಲ್ಲ. ನಂದಲ್ಲ ಅಂತ ನಾನು ಏಳಲ್ಲ."

"ಮೂರು ಓದ್ವಲ್ಲೇ. ಇನ್ನೂ ಬುದ್ಧಿ ಬರಲಿಲ್ವಾ ನಿಂಗೆ?"

"ಓದ್ವು. ಯಾಕೆ ಓದ್ವೋ ನಂಗೆ ಗೊತ್ತಿಲ್ಲ. ಕದ್ದ ಅಂತ ಮಾತ್ರ ನನ್ ಬಾಯಲ್ಲಿ ಬರಲ್ಲ."

ಸುತ್ತ ನಿಂತ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ನಜ್ಮುನ್ನೀಸಾ ತೌಡಿನ ಸೇರು ಹಿಡಿದು ಪೆಚ್ಚಾಗಿ ನಿಂತಿದ್ದಳು. ಸೊಣ್ಣಮ್ಮ ಮಗುವನ್ನು ಎತ್ತಿಕೊಂಡು ನೇರ ಏರಿಗೆ ಹೋದಳು. ಕಲ್ಲಿನ ಮುಂದೆ ಮಲಗಿಸಿ, ಏರಿಯಲ್ಲಿ ದನ ಕಾಯುವವರಿಗೂ ಕೇಳುವ ಹಾಗೆ ಹೆಸರಿಟ್ಟಳು: ಹೊನ್ನಮ್ಮ. ಊರವರ ಬಾಯಲ್ಲಿ ಒನ್ನಮ್ಮ. ಕಸ ಅನ್ನಬೇಕಾದ ಜಾಗದಲ್ಲಿ ಚಿನ್ನ ಅಂದವಳಿಗೆ ಎಷ್ಟು ಕೊಬ್ಬಿರಬೇಕು ಅಂತ ಊರು ಮಾತಾಡಿತು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಹೊನ್ನಮ್ಮ ಬೆಳೆದಳು. ಬರೀ ಬೆಳೆದಳೇ, ಅವ್ವನ ಬಾಯಿ, ಅಪ್ಪನ ಕಣ್ಣು ಎರಡನ್ನೂ ತಂದುಕೊಂಡು ಬೆಳೆದಳು. ಸೊಪ್ಪಿನ ಕುಕ್ಕೆಯ ಪಕ್ಕ ಕೂತು, ಹಿಚುಕಿ ನೋಡುವ ಗಿರಾಕಿಗಳ ಕೈ ಮೇಲೆ ಒಂದು ಕೊಡುತ್ತಿದ್ದಳು. ತಿಪ್ಪಯ್ಯ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ತಿರುಗುತ್ತಿದ್ದ. ತನಗೆ ಸಿಗದೇ ಹೋದ ಮುದ್ದನ್ನೆಲ್ಲ ಮಗಳಿಗೆ ಕೊಟ್ಟ. ದೊಡ್ಡಮುನಿಯಮ್ಮ ಮಾತ್ರ ಮೊಮ್ಮಗಳನ್ನು ಹೆಸರು ಹಿಡಿದು ಕರೆಯಲಿಲ್ಲ. 'ಏ ಕೂಸೆ' ಅನ್ನುತ್ತಿದ್ದಳು, ಅದನ್ನೂ ಮೆಲ್ಲಗೆ.

ಮಗುವಿಗೆ ನಾಲ್ಕು ತುಂಬಿದ ಮಳೆಗಾಲದಲ್ಲಿ ವಿಷಮಜ್ವರ ಹಿಡಿಯಿತು. ಸೊಣ್ಣಮ್ಮ ದೇವರನ್ನು ನಂಬಿ ಕೈ ಕಟ್ಟಿ ಕೂರುವವಳಲ್ಲ. ಅಕ್ಬರ್ ಪಾಷಾನ ಜಟಕಾದಲ್ಲಿ ಯಶವಂತಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಔಷಧಿ ಕೊಟ್ಟರು, ಗಂಜಿ ನೀರು ಬಿಟ್ಟು ಏನೂ ಕೊಡಬೇಡಿ ಅಂದರು. ಅವರೂ ತಮ್ಮ ಕೈಲಾದದ್ದೆಲ್ಲ ಮಾಡಿದರು. ಜ್ವರ ಇಳಿಯುವುದು, ಮತ್ತೆ ಏರುವುದು. ಹುಡುಗಿ ಸೊರಗಿ ಹಿಡಿಯಷ್ಟಾದಳು.

ಆಗ ದೊಡ್ಡಮುನಿಯಮ್ಮ ಮತ್ತೆ ಮೊರ ಇಳಿಸಿದಳು. ಈ ಸಲ ಜಗಳ ಮಾಡಲಿಲ್ಲ, ಸೊಸೆಯ ಕಾಲ ಹತ್ತಿರ ಕೂತು ಬೇಡಿಕೊಂಡಳು. "ಈಗಲಾದ್ರೂ ಆಗ್ತದೆ ಕಣೇ. ತಿಪ್ಪೆ ಮೇಲೆ ಮಲಗಿಸಿ ನಂದಲ್ಲ ಅಂದ್ಬಿಡು. ಒಂದು ಮಾತು. ಒಂದು ಇಡಿ ಕಸ."

ಅದಕ್ಕಿಂತ ಹೆಚ್ಚು ನೋಯಿಸಿದ್ದು ತಿಪ್ಪಯ್ಯ. ಮದುವೆಯಾದಂದಿನಿಂದ ಹೆಂಡತಿಯ ಮಾತಿಗೆ ಎದುರಾಡದವನು ಅವಳ ಕೈ ಹಿಡಿದುಕೊಂಡ. "ನಂಗೋಸ್ಕರ ಮಾಡು ಸೊಣ್ಣಿ. ನಾನು ಉಳಿದದ್ದು ಅಂಗೇ ತಾನೆ? ನಿಂದೇನು ಓಗ್ತದೆ?"

ಸೊಣ್ಣಮ್ಮ ಹೊರಗೆ ಬಂದು ಜಗಲಿಯ ಮೇಲೆ ಕುಸಿದಳು. ತಾನು ಹಠ ಮಾಡುತ್ತಿರುವುದು ಮುನಿಯಪ್ಪನ ಪರವಾಗಿಯೋ, ತನ್ನ ಮೂಗಿನ ನೇರಕ್ಕೋ? ಒಂದು ಹಿಡಿ ಕಸಕ್ಕೆ ಮಗು ಉಳಿಯುವುದಾದರೆ ಹಾಕಿಬಿಡಬಾರದೇಕೆ? ನಾಳೆ ಏನಾದರೂ ಆದರೆ ಈ ಗಂಡನ ಮುಖ ಹೇಗೆ ನೋಡುವುದು? ನಜ್ಮುನ್ನೀಸಾ ಬಂದು ಪಕ್ಕದಲ್ಲಿ ಕೂತಳು. ಸೆರಗಿನ ಒಳಗೆ ಒಂದು ಸೇರು ಇತ್ತು.

"ನಿಮ್ಮತ್ತೆ ಏಳಿ ಕಳ್ಸಿದ್ರು. ತೌಡು ತಂದಿದ್ದೀನಿ ಅಕ್ಕ. ನೀನು ಊ ಅಂದ್ರೆ ಎತ್ಕೊತೀನಿ. ಬ್ಯಾಡ ಅಂದ್ರೆ ನಮ್ ಎಮ್ಮೆಗೆ ಆಕ್ತೀನಿ, ಅದಕ್ಕೂ ಒಟ್ಟೆ ಐತೆ. ನಾನೂ ನನ್ ಮಗಳು ಕುಲ್ಸುಮ್‌ನ ಮಣ್ಣಿಗಿಟ್ಟೋಳು. ಇಂಗೇ ಮಾಡು ಅಂತ ನಾನ್ ಏಳಲ್ಲ."

ಸೊಣ್ಣಮ್ಮ ಎದ್ದಳು. ಒಳಗೆ ಹೋಗಿ ಮಗುವನ್ನು ಎತ್ತಿಕೊಂಡಳು. ಮೊರದ ಕಡೆ ಒಂದು ಹೆಜ್ಜೆಯನ್ನೂ ಇಟ್ಟಳು, ಸುಳ್ಳು ಯಾಕೆ ಹೇಳಬೇಕು. ಆದರೆ ಮಗು ಮಲಗಿದ್ದಲ್ಲೇ ಎಲ್ಲವನ್ನೂ ಕೇಳಿಸಿಕೊಂಡಿತ್ತು.

"ಅವ್ವ," ಅಂದಿತು, ಒಣಗಿದ ತುಟಿಯಲ್ಲಿ. "ನಂದಲ್ಲ ಅಂತೀಯಾ?"

ಸೊಣ್ಣಮ್ಮ ಅಲ್ಲೇ ನೆಲದ ಮೇಲೆ ಕೂತು ಮಗಳನ್ನು ಎದೆಗೆ ಒತ್ತಿಕೊಂಡಳು. "ಇಲ್ಲ ಕಣವ್ವ. ನನ್ ಮಗಳೇ. ನಿಮ್ಮಪ್ಪನ ಮಗಳು. ಮುನಿಯಪ್ಪನ ಮಗಳು. ಯಾರ್ ಕೇಳಿದ್ರೂ ಇದನ್ನೇ ಏಳ್ತೀನಿ." ಮೊರವನ್ನು ಕಾಲಿನಿಂದ ಆಚೆ ತಳ್ಳಿದಳು. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ.

ಹೊನ್ನಮ್ಮ ಉಳಿಯಲಿಲ್ಲ. ಒಂದು ಬೆಳಗ್ಗೆ, ಅಪ್ಪ ಕೊಟ್ಟಿಗೆ ಗುಡಿಸುತ್ತಿದ್ದಾಗ, ಅವ್ವನ ತೊಡೆಯ ಮೇಲೆಯೇ ಹೋದಳು.

ದೊಡ್ಡಮುನಿಯಮ್ಮ ಎದೆ ಬಡಿದುಕೊಂಡು ಬೀದಿಗೆ ಬಂದಳು. "ನಿನ್ನ ಅಠ ತಿಂದ್ಬಿಡ್ತಲ್ಲೇ ಕೂಸನ್ನ," ಅಂದಳು. ಊರೆಲ್ಲ ಕೇಳಿಸಿಕೊಂಡಿತು. ಒಬ್ಬರೂ ಅಲ್ಲ ಅನ್ನಲಿಲ್ಲ. ತಿಪ್ಪಯ್ಯ ಕೂಡ ಅನ್ನಲಿಲ್ಲ. ಸಂಜೆ ಸೊಣ್ಣಮ್ಮ ಎಣ್ಣೆ ಬಟ್ಟಲು ಹಿಡಿದು ಏರಿಯ ಕಡೆ ಹೊರಟಳು. ಇವಳಿಗೆ ಇನ್ನೂ ನಾಚಿಕೆ ಆಗಲಿಲ್ಲವಾ ಅಂದವರಿದ್ದರು. ಇವತ್ತು ಆ ಕಲ್ಲನ್ನೇ ಕಿತ್ತು ಕೆರೆಗೆ ಹಾಕುತ್ತಾಳೆ, ನೋಡ್ತಿರಿ ಅಂದವರೂ ಇದ್ದರು.

ಅವಳು ಎರಡಕ್ಕೂ ಅವಕಾಶ ಕೊಡಲಿಲ್ಲ. ದೀಪ ಹಚ್ಚಿದಳು. ಹಚ್ಚಿ, ಕಲ್ಲಿಗೆ ಬೆನ್ನು ತಿರುಗಿಸಿ ಕೂತುಬಿಟ್ಟಳು. ಕೈ ಮುಗಿಯಲಿಲ್ಲ, ಮಾತಾಡಲಿಲ್ಲ. ಮಾರನೇ ದಿನವೂ ಹಾಗೆಯೇ. ಆಮೇಲೂ ಹಾಗೆಯೇ. ಬಿಸಿಲು ಕಾಲ ಬಂತು, ಹೊಂಗೆ ಎಲೆ ಉದುರಿ ಚಿಗುರಿತು. ದೀಪ ಒಂದು ಸಂಜೆಯೂ ತಪ್ಪಲಿಲ್ಲ, ಅವಳ ಮುಖವೂ ಕಲ್ಲಿನ ಕಡೆ ತಿರುಗಲಿಲ್ಲ. ಸ್ಟೇಷನ್ ಮುಂದೆ ಸೊಪ್ಪು ಮಾರುವಾಗಲೂ ಬಾಯಿ ಬಿಡುತ್ತಿರಲಿಲ್ಲ. ಸೊಪ್ಪು ಹಿಚುಕುವ ಗಿರಾಕಿಗಳಿಗೇ ಏನೋ ಕಳೆದುಕೊಂಡ ಹಾಗಾಗಿತ್ತು.

ಒಂದು ಸಂಜೆ ದೊಡ್ಡಮುನಿಯಮ್ಮ ಕೋಲೂರಿಕೊಂಡು ಏರಿ ಹತ್ತಿ ಬಂದಳು. ಬೀದಿಯಲ್ಲಿ ಅಂದ ಮಾತು ಅಂದಿನಿಂದ ಅವಳನ್ನೇ ಕೊರೆಯುತ್ತಿತ್ತು. ಸೊಸೆಯ ಪಕ್ಕದಲ್ಲಿ, ಅವಳ ಹಾಗೆಯೇ ಕೆರೆಯ ಕಡೆ ಮುಖ ಮಾಡಿ ಕೂತಳು.

"ಕೋಪ ಐತಾ ಅವನ ಮೇಲೆ?"

"ಐತೆ. ಒಟ್ಟೆ ತುಂಬ ಐತೆ."

"ಮತ್ತೆ ದೀಪ ಯಾಕೆ ಅಚ್ತೀಯ?"

"ಕೋಪ ಬಂತು ಅಂತ ಅಪ್ಪನ ಮನೆ ಕತ್ತಲು ಮಾಡ್ತಾರಾ ಅತ್ತೆಮ್ಮ?"

ಸೊಣ್ಣಮ್ಮನಿಗೆ ಎಷ್ಟೋ ದಿನಗಳಿಂದ ಒಳಗೇ ಕುದಿಯುತ್ತಿದ್ದ ಮಾತು ಆಚೆ ಬಂತು. "ನನ್ ಮಗಳು ಈಗ ಅವನ ಅತ್ರ ಅವ್ಳೆ. ಕಳ್ಳನ ಕೈಯಲ್ಲಿ ಸಿಕ್ಕೊಂಡವ್ಳೆ ಅಂದ್ಕೊಂಡ್ರೆ ನಾನು ಒಂದು ಗಳಿಗೆ ಬದುಕಲ್ಲ. ಅಪ್ಪನ ಅತ್ರ ಅವ್ಳೆ ಅಂದ್ಕೊಂಡ್ರೆ ಅಳು ಬತ್ತದೆ, ಆದ್ರೂ ರಾತ್ರಿ ನಿದ್ದೆ ಬತ್ತದೆ. ನಾನು ಅವನ ಮೇಲೆ ಮುನಿಸ್ಕೊಂಡಿದ್ದೀನಿ, ಯಾಕೆ ಕರ್ಕೊಂಡೆ ಅಂತ ಅವನು ಒಂದಲ್ಲ ಒಂದು ದಿನ ಏಳ್ಲೇಬೇಕು. ಬಿಡಲ್ಲ ನಾನು. ಆದ್ರೆ ಅವನು ಕೈಬಿಡೋನು ಅಂತ ಮಾತ್ರ ನನ್ ಕೈಲಿ ಏಳ್ಸಕ್ಕೆ ಯಾರಿಂದಲೂ ಆಗಲ್ಲ." ಆಮೇಲೆ ಅತ್ತೆಯ ಕಡೆ ತಿರುಗಿದಳು. "ನೀನೂ ಎಷ್ಟೊಂದು ಮಣ್ಣಿಗಿಟ್ಟೆ. ನಿನ್ ಮಕ್ಕಳು ಯಾರ ಅತ್ರ ಅವ್ರೆ ಅತ್ತೆಮ್ಮ?"

ಆ ಪ್ರಶ್ನೆಯನ್ನು ಇಷ್ಟು ವರ್ಷ ಯಾರೂ ದೊಡ್ಡಮುನಿಯಮ್ಮನಿಗೆ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. ಕೋಲೂರಿ ಎದ್ದು ಹೋದಳು. ಸೊಣ್ಣಮ್ಮ ಕೂತಲ್ಲೇ ಕಲ್ಲಿನ ಕಡೆ ತಿರುಗಿದಳು. ಎಣ್ಣೆ ಕಡಿಮೆಯಾಗಿತ್ತು, ಹಾಕಿದಳು. "ನೋಡ್ದಾ, ನಿನ್ ಪರ ನಾನೇ ವಾದ ಮಾಡ್ಬೇಕು," ಅಂತ ಕಲ್ಲನ್ನು ಬೈದಳು. ಅವತ್ತಿನಿಂದ ಅವನ ಜೊತೆ ಮಾತು ಮತ್ತೆ ಶುರುವಾಯಿತು.

ಜಾಲಹಳ್ಳಿಯಲ್ಲಿ ಗಡಿಯಾರ ಮಾಡುವ ಕಾರ್ಖಾನೆ ಬಂದು, ತುಮಕೂರು ರಸ್ತೆಯಲ್ಲಿ ಬೆಳಗ್ಗೆ ಬೆಳಗ್ಗೆ ಸೈಕಲ್ಲುಗಳ ಸಾಲು ಕಾಣತೊಡಗಿದ ಕಾಲಕ್ಕೆ ಸೊಣ್ಣಮ್ಮ ಮತ್ತೆ ಬಸುರಿಯಾದಳು. ಇನ್ನು ಆಗುವುದಿಲ್ಲ ಅಂದುಕೊಂಡಿದ್ದ ವಯಸ್ಸು. ಹುಟ್ಟಿದ್ದು ಹೆಣ್ಣೇ. ಈ ಸಲವಾದರೂ ಸೊಕ್ಕು ಅಡಗಿರುತ್ತದೆ ಅಂತ ಊರು ಕಾದು ಕೂತಿತು. ಹೆಸರೇನು ಅಂತ ಕೇಳಿದವರಿಗೆ ಅವಳು, "ಒನ್ನಮ್ಮ" ಅಂದಳು.

"ಅಯ್ಯೋ, ಅದೇ ಎಸರಾ? ಓದವಳ ಎಸರು ಯಾರಾದ್ರೂ ಇಡ್ತಾರೇನೇ?"

"ಎಸರೇನು ತಪ್ಪು ಮಾಡಿತ್ತು?" ಅಂದಳು ಸೊಣ್ಣಮ್ಮ.

ಆ ಮಗು ಉಳಿಯಿತಾ ಅಂತ ನೀವೀಗ ಕೇಳುತ್ತೀರಿ. ಹೇಳುವುದಿಲ್ಲ. ಉಳಿಯಿತು ಅಂದರೆ, ಓಹೋ, ಅವಳ ನಂಬಿಕೆಗೆ ಫಲ ಸಿಕ್ಕಿತು ಅನ್ನುತ್ತೀರಿ. ಇಲ್ಲ ಅಂದರೆ, ಪಾಪ, ಹುಚ್ಚಿ ಅನ್ನುತ್ತೀರಿ. ಸೊಣ್ಣಮ್ಮ ಮುನಿಯಪ್ಪನ ಜೊತೆ ವ್ಯಾಪಾರಕ್ಕೆ ಕೂತವಳಲ್ಲ. ಸೊಪ್ಪಿನ ವ್ಯಾಪಾರವೇ ಅವಳಿಗೆ ಸಾಕಾಗಿತ್ತು. ಹೇಳಬೇಕಾದದ್ದು ಹೆಸರಿಟ್ಟ ದಿನದ ಮಾತು.

ಅವತ್ತು ಬೆಳಗ್ಗೆ ದೊಡ್ಡಮುನಿಯಮ್ಮ ಅಟ್ಟದಿಂದ ಮೊರ ಇಳಿಸಲು ಹೇಳಿದಳು. ಅವಳೀಗ ಬೆನ್ನು ಬಾಗಿದ ಮುದುಕಿ. ತಿಪ್ಪಯ್ಯ ಹೆಂಡತಿಯ ಮುಖ ನೋಡಿದ. ಸೊಣ್ಣಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಜಗಳಕ್ಕೆ ತಯಾರಾಗಿ ನಿಂತಳು. ನಜ್ಮುನ್ನೀಸಾ ಈ ಸಲ ತೌಡು ತಾರದೆ ಬರಿಗೈಯಲ್ಲಿ ಬಂದಿದ್ದಳು. ಮುದುಕಿ ಮಗುವನ್ನು ಮೊರದಲ್ಲಿಟ್ಟುಕೊಂಡು ಹೊರಗೆ ಬಂದಳು. ತಿಪ್ಪೆಯ ಹತ್ತಿರ ಬಂದರೂ ಮುದುಕಿ ನಿಲ್ಲಲಿಲ್ಲ. ತಿಪ್ಪೆ ದಾಟಿ, ಬೀದಿ ದಾಟಿ, ಏರಿ ಹತ್ತಿದಳು. ಅವಳ ಹಿಂದೆ ಊರೇ ಹೋಯಿತು.

ಕಲ್ಲಿನ ಮುಂದೆ ಮೊರ ಇಳಿಸಿ, ಏದುಸಿರು ಬಿಡುತ್ತಾ ನಿಂತಳು. "ಇದ್ಯಾರ ಮಗು ಗೊತ್ತೇನಪ್ಪ?" ಅಂತ ಮುನೇಶ್ವರನನ್ನೇ ಕೇಳಿದಳು. "ನಮ್ದು. ನನ್ ಮೊಮ್ಮಗಳು, ಒನ್ನಮ್ಮ. ಚೆನ್ನಾಗಿ ನೋಡ್ಕೋ."

ಸೊಣ್ಣಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅಳತೊಡಗಿದಳು. ಮುದುಕಿಯ ಕೆಲಸ ಇನ್ನೂ ಮುಗಿದಿರಲಿಲ್ಲ. ಜನರ ಕಡೆ ತಿರುಗಿ, ಗಟ್ಟಿಯಾಗಿ ಕರೆದಳು.

"ಚಿಕ್ಕಬೈರಪ್ಪ."

ಯಾರೂ ಓಗೊಡಲಿಲ್ಲ. ಆ ಗುಂಪಿನಲ್ಲಿ ಆ ಹೆಸರಿನವರೇ ಇರಲಿಲ್ಲ. ತಿಪ್ಪಯ್ಯನೂ ಯಾರಪ್ಪ ಅದು ಅಂತ ಹಿಂದೆ ತಿರುಗಿ ನೋಡಿದ.

"ನಿನ್ನೇ ಕಣಪ್ಪ ಕರೆದದ್ದು," ಅಂದಳು ದೊಡ್ಡಮುನಿಯಮ್ಮ. "ನಮ್ಮಪ್ಪನ ಎಸರು. ನೀನು ಒಟ್ಟೇಲಿದ್ದಾಗ್ಲೇ ಇಟ್ಟಿದ್ದೆ. ಕೂಗಕ್ಕೆ ಧೈರ್ಯ ಬರಲಿಲ್ಲ. ಇಷ್ಟು ವರ್ಷ ನನ್ ಒಳಗೇ ಕೂಗ್ಕೊಂಡೆ."

ತಲೆಗೂದಲು ನರೆತ ತಿಪ್ಪಯ್ಯ ಮುಂದೆ ಬಂದು, ಕೈ ಎಲ್ಲಿಡಬೇಕೋ ತಿಳಿಯದೆ ನಿಂತ. ಮುದುಕಿ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮೂಗಿನ ಆ ತೂತಿನ ಗುರುತನ್ನು ಹೆಬ್ಬೆರಳಿನಿಂದ ಸವರಿದಳು. ಹಾಗೇ ಹಿಡಿದುಕೊಂಡೇ ಕಲ್ಲಿನ ಕಡೆ ತಿರುಗಿದಳು.

"ಇವನೂ ನಂದೇ," ಅಂದಳು.